ನಮ್ಮ ಸೀನಿಯರ್ ಅಕ್ಕನ ಹಾಡುಗಳು

ಕಾಲೇಜ್ ಡೇಯಲ್ಲಿ ಯಾರು ಏನು ಹಾಡಿದರೋ, ಒಂದೂ ನೆನಪಿಲ್ಲ. ಹಾಸ್ಟೆಲ್ ಮೆಟ್ಟಿಲ ಮೇಲೆ ಗಿಟಾರ್ ಹಿಡಿದು ಕೂರುತ್ತಿದ್ದ ನಮ್ಮ ಸೀನಿಯರ್ ಅಕ್ಕ ಮಾತ್ರ ಚೆನ್ನಾಗಿ ನೆನಪಿದ್ದಾರೆ. ಹಾಡು ಬರೆಯುವುದೂ ಅವರೇ, ರಾಗ ಹಾಕುವುದೂ ಅವರೇ. ಕಂಠ ಅಂಥ ಜೋರೇನಲ್ಲ, ಬಹುಮಾನ ಯಾವಾಗಲೂ ಬೇರೆಯವರಿಗೇ!

ಮೊದಲ ವರ್ಷ ನಾನು ಮನೆ ನೆನೆಸಿಕೊಂಡು ಸಪ್ಪಗೆ ಕೂತಿದ್ದಾಗ ಪಕ್ಕ ಬಂದು, "ಏನಾಗ್ತಿದೆ ಹೇಳು" ಅಂದರು. "ರಾತ್ರಿಯೆಲ್ಲ ಫ್ಯಾನ್ ಸದ್ದೊಂದೇ ಕೇಳ್ಸುತ್ತೆ ಅಕ್ಕ" ಅಂದೆ. ಅದನ್ನೇ ಪಲ್ಲವಿ ಮಾಡಿ ತುಂಬ ನಿಧಾನವಾಗಿ ಹಾಡಿದರು. ಚರಣಕ್ಕೆ ಬರುವಾಗ ಚೂರು ವೇಗ. ಕೊನೆಗೆ ಫ್ಯಾನಿನ ಟಕಟಕಕ್ಕೆ ನಾನೇ ತಾಳ ಹಾಕುತ್ತಿದ್ದೆ. ಅಳುವವರ ಮುಂದೆ ಕುಣಿಯುವ ಹಾಡು ಹಾಡಬಾರದು ಎನ್ನುತ್ತಿದ್ದರು. ಮನಸ್ಸು ಇರುವಲ್ಲಿಗೇ ಹಾಡು ಮೊದಲು ಹೋಗಬೇಕು, ಆಮೇಲೆ ಮೆಲ್ಲಗೆ ಕರೆದು ತರಬೇಕು. ಮ್ಯೂಸಿಕ್ ಥೆರಪಿಯಲ್ಲಿ ಇದಕ್ಕೆ 'ಐಸೊ ತತ್ವ' ಎಂಬ ಹೆಸರಿದೆ ಎಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಅಕ್ಕ ಮ್ಯೂಸಿಕ್ ಥೆರಪಿಯನ್ನೇ ಓದಿದರು. ಈಗ ಪಾರ್ಶ್ವವಾಯು ಆದವರ ಜೊತೆ ಕೆಲಸ. ಒಮ್ಮೆ ನೋಡಲು ಹೋಗಿದ್ದೆ. ಮಾತು ಹೊರಡದ ಹಿರಿಯರೊಬ್ಬರ ಎಡಗೈ ಹಿಡಿದು, ಅಕ್ಷರಕ್ಕೊಂದು ತಟ್ಟು ತಟ್ಟುತ್ತ "ನೀ-ರು ಬೇ-ಕು" ಎಂದು ಹಾಡುತ್ತಿದ್ದರು. ಒಂದು ಏರು ಸ್ವರ, ಒಂದು ಇಳಿ ಸ್ವರ, ಅಷ್ಟೇ. ಇದು 1973ರಲ್ಲಿ ಬಾಸ್ಟನ್‌ನ ತಜ್ಞರು ಪ್ರಕಟಿಸಿದ ವಿಧಾನ. ಹೆಚ್ಚಿನವರಿಗೆ ಮಾತು ಮಿದುಳಿನ ಎಡಭಾಗದ ಕೆಲಸ; ಹಾಡಿಗೆ ಬಲಭಾಗವೂ ಕೈ ಜೋಡಿಸುತ್ತದೆ. ಅದಕ್ಕೇ ಎಡಭಾಗಕ್ಕೆ ಪೆಟ್ಟಾಗಿ ಮಾತಾಡಲಾಗದ ಕೆಲವರು ಹಾಡಬಲ್ಲರು. ಗುಣ ಕೊಡುವುದು ರಾಗವೋ ತಾಳವೋ ಎಂಬ ವಾದ ಇನ್ನೂ ಮುಗಿದಿಲ್ಲ. ಎಲ್ಲರಿಗೂ ಫಲಿಸುವುದೂ ಇಲ್ಲ. ರಾಗ ಕೇಳಿದರೆ ಸಾಕು, ರೋಗ ಮಾಯ ಎನ್ನುವ ಸಂದೇಶಗಳನ್ನು ನೋಡಿದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಸರಿಯೇ ಅಲ್ವಾ? ಅಲ್ಲಿ ರೋಗಿ ಸುಮ್ನೆ ಕೇಳುತ್ತ ಕೂರುವುದಿಲ್ಲ, ಬೆವರು ಸುರಿಸಿ ದುಡಿಯುತ್ತಾರೆ.

ಆ ಹಿರಿಯರಿಗಾಗಿ ಅಕ್ಕ ಒಂದು ಹಾಡು ಕಟ್ಟಿದ್ದರಂತೆ. ಕೆಲವು ವಾರಗಳ ನಂತರ ಫೋನ್ ಮಾಡಿ ನಗುತ್ತ ಹೇಳಿದರು: ಅವರು ತಾವಾಗಿಯೇ ಹಾಡಿದ ಮೊದಲ ಸಾಲು, "ಈ ರಾ-ಗ ಬೇ-ಡ". ಅಕ್ಕ ಅವತ್ತೇ ರಾಗ ಬದಲಿಸಿದರು.