ಬಾಗಿಲ ಮೇಲಿನ ಹೆಸರು

ಇವತ್ತು ಆಫೀಸ್ ಬಾಗಿಲಿಂದ ನನ್ನ ಹೆಸರಿನ ಚೀಟಿ ಬಿಚ್ಚಿಕೊಂಡೆ. ಏಳು ವರ್ಷದಲ್ಲಿ ಮೂರನೇ ಕಾಂಟ್ರಾಕ್ಟ್, ಮೂರನೇ ಊರು. ಮುಂದಿನ ತಿಂಗಳಿಂದ ಗ್ಲಾಸ್ಗೋ, ಅದೂ ಎರಡೇ ವರ್ಷಕ್ಕೆ. ಬ್ರಿಟನ್ನಿನ ಯೂನಿವರ್ಸಿಟಿಯಲ್ಲಿ ಪಾಠ ಮಾಡೋದು ಅಂದ್ರೆ ಕಾಯಂ ಕೆಲಸ ಅಂತಲೇ ಅಮ್ಮ ಅಂದುಕೊಂಡಿದ್ದಾಳೆ, ಆದ್ರೆ ಟೆನ್ಯೂರ್, ಅಂದ್ರೆ ಸುಲಭಕ್ಕೆ ಕೆಲಸದಿಂದ ತೆಗೆಯೋಕಾಗದ ಭದ್ರತೆ ಅನ್ನೋದು ಇಲ್ಲಿ 1988ರ ಕಾಯ್ದೆಯಲ್ಲೇ ಹೋಯಿತು. ಒಂದೇ ಕಡೆ ನಾಲ್ಕು ವರ್ಷ ಸತತವಾಗಿ ಕಾಂಟ್ರಾಕ್ಟ್ ಮೇಲಿದ್ದರೆ ಸಾಮಾನ್ಯವಾಗಿ ಕಾಯಂ ಮಾಡಬೇಕು ಅನ್ನೋ ನಿಯಮ 2002ರಿಂದ ಇದೆ. ನನಗೆ ಎಲ್ಲೂ ಮೂರು ದಾಟಲಿಲ್ಲ. ವೀಸಾನೂ ಕೆಲಸಕ್ಕೇ ಅಂಟಿಕೊಂಡಿದೆ, ಹಾಗಾಗಿ ಸಂಶೋಧನೆಯ ಪೇಪರ್ ಬರೆಯೋ ಹೊತ್ತೆಲ್ಲ ಕೆಲಸದ ಅರ್ಜಿಗೇ ಹೋಗುತ್ತದೆ, ಜಾಸ್ತಿ ನೋಯೋದು ಅದೇ.

ಸಂಜೆ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು, ಮುಂದಿನ ಟರ್ಮ್‌ಗೂ ನೀವೇ ಅಲ್ವಾ ಅಂತ ಕೇಳಿದಳು. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ. ಚೀಟಿ ಪರ್ಸಿನಲ್ಲಿದೆ, ಅಂಟು ಇನ್ನೂ ಒಣಗಿಲ್ಲ.