ಆನ್‌ಲೈನ್ ಜೂಜು: ರಾಜ್ಯದ ಕಾಯ್ದೆ ಮುಗ್ಗರಿಸುವುದೆಲ್ಲಿ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೂಜು ಮತ್ತು ಬಾಜಿ ರಾಜ್ಯ ಪಟ್ಟಿಯ 34ನೇ ನಮೂದು. ಅದಕ್ಕೇ ರಾಜ್ಯಕ್ಕೊಂದು ಕಾನೂನು. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಹಣ ಕಟ್ಟಿ ಆಡುವ ರಮ್ಮಿಯನ್ನೂ ಬಂದ್ ಮಾಡಿದವು. ನಾಗಾಲ್ಯಾಂಡ್ ಅದಕ್ಕೂ ಮೊದಲೇ, 2016ರಲ್ಲಿ, ಕೌಶಲದ ಆಟಗಳಿಗೆ ಲೈಸೆನ್ಸ್ ಕೊಡುವ ಕಾಯ್ದೆ ತಂದಿತ್ತು.

ನಮ್ಮಲ್ಲಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಮಟ್ಕಾ, ಓಸಿ ಆಡಿಸಿದರೆ ಅದರ 78(3)ನೇ ಕಲಂ, ಬೀದಿಯಲ್ಲಿ ಅಂದರ್-ಬಾಹರ್ ಆಡಿದರೆ 87ನೇ ಕಲಂ. ಬರೀ ಕೌಶಲದ ಆಟಕ್ಕೆ 176ನೇ ಕಲಂ ರಕ್ಷಣೆ ಕೊಡುತ್ತದೆ. ಬಿದ್ದ ಎಲೆ ನೆನಪಿಟ್ಟು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕಾದ್ದರಿಂದ ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಆಟದಿಂದ ಅದನ್ನು ಆಡಿಸುವ ಕ್ಲಬ್ಬೇ ಲಾಭ ಮಾಡಿಕೊಂಡರೆ ಕೇಸು ಊರ್ಜಿತವಾಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಈ ಸಾಲನ್ನು ಉದ್ಧರಿಸುವವರು ಕಡಿಮೆ.

2021ರ ಅಕ್ಟೋಬರಿನಲ್ಲಿ ಈ ಪೊಲೀಸ್ ಕಾಯ್ದೆಗೆ ಬಂದ ತಿದ್ದುಪಡಿ, ಹಣ ಪಣಕ್ಕಿಟ್ಟ ಆನ್‌ಲೈನ್ ಆಟವನ್ನೆಲ್ಲ ಜೂಜಿನ ವ್ಯಾಖ್ಯೆಗೆ ಎಳೆದುಕೊಂಡಿತು. ಲಾಟರಿ ಮತ್ತು ಕುದುರೆ ರೇಸನ್ನು ಮಾತ್ರ ಹೊರಗಿಟ್ಟಿತು. ಕೌಶಲಕ್ಕೂ ಅದೃಷ್ಟಕ್ಕೂ ನಡುವಿನ ಗೆರೆಯನ್ನೇ ಅಳಿಸಿದ ಆ ಕಲಂಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಸಂವಿಧಾನಕ್ಕೆ ಒಪ್ಪುವ ಹೊಸ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. ತಮಿಳುನಾಡು 2021ರಲ್ಲಿ ಕೋರ್ಟಿನಲ್ಲಿ ಹೀಗೇ ಸೋತು, ಬೇರೆಯದೇ ಕಾಯ್ದೆ ಬರೆಯಿತು. 2023ರ ನವೆಂಬರಿನಲ್ಲಿ ಆ ಕಾಯ್ದೆ ಉಳಿಯಿತು; ರಮ್ಮಿ, ಪೋಕರ್ ಹೆಸರಿದ್ದ ಅನುಸೂಚಿ ಮಾತ್ರ ಬಿತ್ತು.

ತಿದ್ದುಪಡಿ ಬಿದ್ದದ್ದರ ನಿಜವಾದ ಪೆಟ್ಟು ಠಾಣೆಗೆ. 78(3), 87 ಮತ್ತೆ ಅಸಂಜ್ಞೇಯ ಅಪರಾಧಗಳಾದವು. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ (ಹಿಂದೆ ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 155(2), ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನ 174(2)). ಮಾಹಿತಿಯನ್ನು ದಾಖಲಿಸಬೇಕು, ಮಾಹಿತಿದಾರರನ್ನು ಮ್ಯಾಜಿಸ್ಟ್ರೇಟರ ಬಳಿ ಕಳಿಸಬೇಕು, ಆದೇಶ ಕೈಗೆ ಬಂದ ಮೇಲೆ ಎಫ್‌ಐಆರ್. ನಡೆಯುವುದು ತಿರುವುಮುರುವು: ಮೊದಲು ದಾಳಿ, ಪಂಚನಾಮೆ, ಚೀಟಿ ಮತ್ತು ನಗದು ಜಪ್ತಿ, ಅನುಮತಿ ಆಮೇಲೆ. ಕೆಲವೊಮ್ಮೆ ಪೊಲೀಸರ ಮನವಿಯ ಮೇಲೆಯೇ 'ಅನುಮತಿಸಲಾಗಿದೆ' ಎಂದೊಂದು ಪದ ಗೀಚಿ ಸಹಿ ಹಾಕಿರುತ್ತದೆ. ಕಾರಣವನ್ನೇ ಕೊಡದ ಅಂಥ ಒಂದು ಪದ ಆದೇಶವಲ್ಲ ಎಂದು ಹೈಕೋರ್ಟ್ ಕೇಸುಗಳನ್ನು ವಜಾ ಮಾಡಿದೆ. ಇದನ್ನು ದಾಟಲು ವಂಚನೆಯ ಕಲಂ ಸೇರಿಸುವ ಅಭ್ಯಾಸವೂ ಉಂಟು. ಮೋಸ ಹೋದವನು ಯಾರು ಎಂದು ದೂರಿನಲ್ಲಿ ಇಲ್ಲದಿದ್ದರೆ ಅದೂ ನಿಲ್ಲುವುದಿಲ್ಲ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಎರಡೂ ತೊಡಕನ್ನು ಒಂದೇ ಏಟಿಗೆ ಬಿಡಿಸಲು ಹೊರಟಿದೆ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಹಣದ ಆಟವಾದರೆ ಸಾಕು. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿಸುವುದು ಸಂಜ್ಞೇಯ, ಜಾಮೀನುರಹಿತ. ಸುಮ್ಮನೆ ಆಡಿದವನಿಗೆ ಶಿಕ್ಷೆಯಿಲ್ಲ. ರಾಜ್ಯ ಪಟ್ಟಿಯ ವಿಷಯದಲ್ಲಿ ಕೇಂದ್ರ ಕೈ ಹಾಕಬಹುದೇ ಎಂಬುದೇ ಇದರ ವಿರುದ್ಧದ ಅರ್ಜಿಗಳ ಜೀವಾಳ.

ಬಾಜಿಯಲ್ಲಿ ಗೆದ್ದ ಹಣ ಕೊಡದ ಆ್ಯಪ್ ಮೇಲೆ ಸಿವಿಲ್ ದಾವೆ ಹೂಡುವ ಯೋಚನೆಯಿದ್ದರೆ, 1872ರ ಕರಾರು ಕಾಯ್ದೆಯ 30ನೇ ಕಲಂ ಮೊದಲು ಓದಿ. ಬಾಜಿಯ ಕರಾರು ಶೂನ್ಯ. ಆ ಹಣ ವಸೂಲಿಗೆ ದಾವೆ ನಡೆಯದು.