ಎರರ್ 1068
ಬೆಳಿಗ್ಗೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. ಸರ್ವರ್ ಫೋಲ್ಡರ್ ಒಂದೂ ತೆರೆಯುತ್ತಿಲ್ಲ, ಇವತ್ತೇ ಸಂಬಳದ ಶೀಟ್ ಕಳಿಸಬೇಕು. ದನಿಯಲ್ಲೇ ಗಾಬರಿ ಗೊತ್ತಾಗುತ್ತಿತ್ತು.

ಹೋಗಿ ನೋಡಿದರೆ ವಿಂಡೋಸ್‌ನ ನೆಟ್‌ಲಾಗಾನ್ ಸರ್ವಿಸ್ ನಿಂತಿದೆ. ಆಫೀಸ್ ನೆಟ್‌ವರ್ಕ್‌ನ ಲಾಗಿನ್ ನೋಡಿಕೊಳ್ಳುವ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಅದು. ಸ್ಟಾರ್ಟ್ ಒತ್ತಿದರೆ ಎರರ್ 1068. ಅಂದ್ರೆ ಅದು ನೆಚ್ಚಿಕೊಂಡಿರುವ ಇನ್ನೊಂದು ಸರ್ವಿಸ್ ಎದ್ದಿಲ್ಲ. ಪ್ರಾಪರ್ಟೀಸ್‌ಗೆ ಹೋಗಿ ಡಿಪೆಂಡೆನ್ಸೀಸ್, ಅಂದ್ರೆ ಅದು ನೆಚ್ಚಿಕೊಂಡಿರುವ ಸರ್ವಿಸ್‌ಗಳ ಪಟ್ಟಿ, ತೆರೆದೆ. ವರ್ಕ್‌ಸ್ಟೇಷನ್ ಅಂತಿತ್ತು, ಸರ್ವರ್ ಫೋಲ್ಡರ್‌ಗಳಿಗೆ ಸಂಪರ್ಕ ಕೊಡುವ ಸರ್ವಿಸ್. ಯಾರೋ ಅದನ್ನು ಡಿಸೇಬಲ್ ಮಾಡಿಟ್ಟಿದ್ದರು, ಕಂಪ್ಯೂಟರ್ ಸ್ಪೀಡ್ ಆಗಲಿ ಅಂತ ಇರಬೇಕು. ಆಟೊಮ್ಯಾಟಿಕ್‌ಗೆ ಹಾಕಿ ಅದನ್ನು ಮೊದಲು ಸ್ಟಾರ್ಟ್ ಮಾಡಿದೆ. ಆಮೇಲೆ ನೆಟ್‌ಲಾಗಾನ್ ಒಂದೇ ಸಲಕ್ಕೆ ಶುರುವಾಯಿತು.

ಮನೆಯಲ್ಲೂ ಹೀಗೇ ಅಲ್ವಾ? ಅಮ್ಮನಿಗೆ ಒಂದು ದಿನ ಜ್ವರ ಬಂದರೆ ಸಾಕು, ನಮ್ಮ ಯಾರ ಕೆಲಸವೂ ಹೊತ್ತಿಗೆ ಶುರುವಾಗಲ್ಲ. ಸ್ಕ್ರೀನ್ ಮೇಲಿನ ವರ್ಕ್‌ಸ್ಟೇಷನ್ ಅನ್ನೋ ಹೆಸರನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಮೇಡಂ ಆಗಲೇ ಶೀಟ್ ತೆರೆದು ಕೂತಿದ್ದರು.